ತೋರಿಸಲಾರದ ಗುಳ್ಳೆ, ತಾಳಲಾರದ ಚಿಂತೆ

ಸಂಘದ ವಾರ್ಷಿಕ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಆಶ್ಚರ್ಯವೇ ಆಯಿತು. ವಾಣಿಜ್ಯ ಪದವಿ ಪಡೆದು, ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಜಮಾ-ಖರ್ಚಿನೊಡನೆ ಕಾಲ ಕಳೆದವನಿಗೆ ವೈದ್ಯಕೀಯದ ಗೊಡವೆ ಏಕೆ? ಆದರೆ ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿದಾಗ ಒಂದು ಸಂಗತಿ ಮನಸ್ಸಿಗೆ ಬಂತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯ, ಮಂಡಿನೋವು, ಮೆಂತ್ಯದ ಗುಣಗಳು, ಯೋಗಾಸನದ ಲಾಭಗಳು, ಇವೆಲ್ಲ ಪ್ರತಿವರ್ಷವೂ ಬರುತ್ತವೆ. ಸೊಂಟದಿಂದ ಮಂಡಿಯವರೆಗಿನ ದೇಹಭಾಗವೊಂದು ಮಾತ್ರ ನಮ್ಮ ಯಾವ ಸಂಚಿಕೆಯಲ್ಲಿಯೂ ಇಲ್ಲ. ನಮ್ಮ ಓದುಗರಿಗೆ ಅಲ್ಲಿ ಕಾಯಿಲೆಯೇ ಬರುವುದಿಲ್ಲವೇನೋ ಎಂದು ಅನ್ಯಗ್ರಹದವರು ಭಾವಿಸಿದರೆ ಅವರ ತಪ್ಪಲ್ಲ.

ನಾನು ಬರೆಯಹೊರಟಿರುವುದು ಗುಪ್ತಾಂಗದ ಚರ್ಮದ ಮೇಲೆ, ಕಾರಣ ತಿಳಿಯದೆ ಕಾಣಿಸಿಕೊಳ್ಳುವ ಗುಳ್ಳೆಗಳನ್ನು ಕುರಿತು. ಅದಕ್ಕಿಂತ ಹೆಚ್ಚಾಗಿ, ಆ ಗುಳ್ಳೆಗಳನ್ನು ಕಂಡವರ ಮನಸ್ಸಿನಲ್ಲಿ ಏಳುವ ದಿಗಿಲನ್ನು ಕುರಿತು. ವಿಷಯ ಅಸಭ್ಯವೆಂದು ತೋರಿದವರು ದಯವಿಟ್ಟು ಮುಂದಿನ ಪುಟದ ಕವಿತೆಯನ್ನು ಓದಬಹುದು.

ನಮ್ಮ ಶಾಖೆಯಲ್ಲಿ ಕೆಲವು ವರ್ಷಗಳ ಹಿಂದೆ ಕರಾವಳಿಯ ಕಡೆಯ ತರುಣ ಗುಮಾಸ್ತನೊಬ್ಬನಿದ್ದ. ಊರಿನ ಹೆಸರು ಬೇಡ. ಈ ಸಂಗತಿಯನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಒಂದು ದಿನ ಭವಿಷ್ಯನಿಧಿಯಿಂದ ಸಾಲ ಬೇಕೆಂದು ಅರ್ಜಿ ತಂದ. ಆರು ತಿಂಗಳೊಳಗೆ ಇದು ಎರಡನೆಯ ಅರ್ಜಿ. ಮದುವೆಯ ಖರ್ಚೇ ಎಂದು ಕೇಳಿದೆ. "ಇಲ್ಲ ಸರ್, ಮದುವೆ ಬೇಡವೆಂದು ಊರಿಗೆ ಬರೆದಿದ್ದೇನೆ" ಎಂದ. ನಿಶ್ಚಿತಾರ್ಥದ ದಿನ ಗೊತ್ತಾಗಿದ್ದ ಹುಡುಗ! ಬಾಗಿಲು ಮುಂದೆ ಮಾಡಿ ಕೂರಿಸಿ, ಬಹಳ ಹೊತ್ತು ಮಾತನಾಡಿಸಿದ ಮೇಲೆ ವಿಷಯ ಹೊರಬಿತ್ತು. ಸ್ನಾನದ ವೇಳೆಯಲ್ಲಿ ಶಿಶ್ನದ ಚರ್ಮದ ಮೇಲೆ ಸಾಸಿವೆಗಿಂತ ಸಣ್ಣ, ಬಿಳಿ-ಹಳದಿ ಬಣ್ಣದ ಚುಕ್ಕೆಗಳನ್ನು ಕಂಡಿದ್ದನಂತೆ. ನೋವಿಲ್ಲ, ತುರಿಕೆಯಿಲ್ಲ, ಹೋಗುವುದೂ ಇಲ್ಲ. ರಾತ್ರಿ ಮೊಬೈಲಿನಲ್ಲಿ ಹುಡುಕಿದ. ಅಲ್ಲಿ ಸಿಗುವ ಚಿತ್ರಗಳು ಗೊತ್ತೇ ಇವೆ, ಜಗತ್ತಿನ ಅತ್ಯಂತ ಭೀಕರವಾದುವೇ ಮೊದಲು ಬರುತ್ತವೆ. ಬೆಳಗಾಗುವಷ್ಟರಲ್ಲಿ ತನಗೆ ಏಡ್ಸ್ ಬಂದಿದೆಯೆಂದು ತೀರ್ಮಾನಿಸಿದ್ದ. ಅದು ಹೇಗೆ ಬರುತ್ತದೆಂಬುದು ಅವನಿಗೆ ತಿಳಿಯದುದಲ್ಲ. ಅಂತಹ ಯಾವ ಸಂಪರ್ಕವೂ ಅವನಿಗಿರಲಿಲ್ಲ. ಆದರೂ ಭಯಕ್ಕೆ ತರ್ಕ ಬೇಡವಷ್ಟೆ.

ಲೋಕಲ್ ರೈಲಿನ ಡಬ್ಬಿಯಲ್ಲಿ ಅಂಟಿಸಿದ್ದ ಚೀಟಿಯೊಂದರ ವಿಳಾಸ ಹಿಡಿದು ಹೋದ. ಅಲ್ಲಿ ಕುಳಿತಿದ್ದ 'ತಜ್ಞ'ರು ಅವನನ್ನು ಪರೀಕ್ಷಿಸದೆಯೇ ರಕ್ತ ಕೆಟ್ಟಿದೆಯೆಂದೂ, ಧಾತು ಕ್ಷೀಣಿಸಿದೆಯೆಂದೂ, ಮೂರು ತಿಂಗಳ ಪೊಟ್ಟಣಗಳನ್ನು ತೆಗೆದುಕೊಳ್ಳದೆ ಮದುವೆಯಾದರೆ ಹುಡುಗಿಯ ಬಾಳೂ ಹಾಳೆಂದೂ ಹೇಳಿದರು. ಮೂರು ತಿಂಗಳು ಆರಾಯಿತು. ಚುಕ್ಕೆಗಳು ಇದ್ದಲ್ಲಿಯೇ ಇದ್ದವು. ಉಳಿತಾಯ ಖಾತೆ ಮಾತ್ರ ಕರಗಿತ್ತು.

ಅವನನ್ನು ಒಂದು ದೊಡ್ಡ ಮುನಿಸಿಪಲ್ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕರೆದುಕೊಂಡು ಹೋದೆ. ಕೇಸ್ ಪೇಪರಿಗಾಗಿ ಸಾಲಿನಲ್ಲಿ ನಿಂತದ್ದು ಒಂದೂವರೆ ಗಂಟೆ, ವೈದ್ಯರು ಪರದೆಯ ಹಿಂದೆ ನೋಡಿದ್ದು ಎರಡು ನಿಮಿಷ. ಇವು ಫೋರ್ಡಿಸ್ ಚುಕ್ಕೆಗಳು ಎಂದರು. ಅಮೆರಿಕದ ಚರ್ಮವೈದ್ಯ ಜಾನ್ ಆಡಿಸನ್ ಫೋರ್ಡಿಸ್ 1896ರಲ್ಲಿ ಇವನ್ನು ವರ್ಣಿಸಿದುದರಿಂದ ಆ ಹೆಸರು. ಚರ್ಮಕ್ಕೆ ಎಣ್ಣೆ ಒದಗಿಸುವ ಸಣ್ಣ ಗ್ರಂಥಿಗಳು ಸಾಮಾನ್ಯವಾಗಿ ಕೂದಲಿನ ಬುಡದಲ್ಲಿರುತ್ತವೆ. ಕೆಲವೆಡೆ ಕೂದಲಿಲ್ಲದೆ ತಾವೊಂದೇ ಇರುವಾಗ ಚರ್ಮದ ಮೂಲಕ ಹೀಗೆ ಎದ್ದು ಕಾಣುತ್ತವೆ. ಅನೇಕರಿಗೆ ತುಟಿಯ ಮೇಲೆಯೂ ಇರುತ್ತವೆ. ಕನ್ನಡಿ ತರಿಸಿ ವೈದ್ಯರು ಅವನ ತುಟಿಯಲ್ಲಿಯೇ ಅವನ್ನು ತೋರಿಸಿದರು! ರೋಗವಲ್ಲ, ಅಂಟುವುದಿಲ್ಲ, ಔಷಧ ಬೇಕಿಲ್ಲ. ಇದೇ ರೀತಿ ಶಿಶ್ನದ ತುದಿಯ ಅಂಚಿನ ಸುತ್ತ ಮುತ್ತು ಪೋಣಿಸಿದಂತೆ ಸಾಲಾಗಿ ನಿಲ್ಲುವ ಸಣ್ಣ ಗುಳ್ಳೆಗಳೂ ಎಷ್ಟೋ ತರುಣರಲ್ಲಿರುತ್ತವೆಂದೂ, ಅವೂ ಹುಟ್ಟುಗುಣವೇ ಹೊರತು ರೋಗವಲ್ಲವೆಂದೂ ತಿಳಿಸಿದರು. ಹುಡುಗ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟ. ಆರು ತಿಂಗಳು ಅವನು ಸರಿಯಾಗಿ ನಿದ್ರೆ ಮಾಡಿರಲಿಲ್ಲ.

ರೈಲಿನ ಡಬ್ಬಿಯ ಆ ಚೀಟಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವು ಕಾನೂನಿಗೆ ವಿರುದ್ಧವಾದುವು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯು, ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದಾಗಲಿ, ಗುಹ್ಯರೋಗಗಳನ್ನು ವಾಸಿಮಾಡುತ್ತೇವೆಂದಾಗಲಿ ಔಷಧಿಯ ಜಾಹೀರಾತು ಕೊಡುವುದನ್ನು ನಿಷೇಧಿಸಿದೆ. ಏಳು ದಶಕಗಳ ಹಿಂದಿನ ಕಾಯಿದೆ! ಆದರೂ ಕಿಟಕಿಯ ಪಕ್ಕ ಕುಳಿತವನ ಕಣ್ಣಿಗೆ ಮೊದಲು ಬೀಳುವುದು ಅದೇ. ಸೂಕ್ಷ್ಮವಾಗಿ ಓದಿದರೆ ಆ ಚೀಟಿ ಕೊಡುವ ಭರವಸೆ ಗುಣಮಾಡುತ್ತೇವೆಂಬುದಲ್ಲ, ಗುಟ್ಟು ಕಾಯುತ್ತೇವೆಂಬುದು. ನಮ್ಮ ಜನ ಹಣ ತೆರುವುದೂ ಆ ಗುಟ್ಟಿಗೇ.

ಇಷ್ಟು ಓದಿ, ಹಾಗಾದರೆ ಎಲ್ಲ ಗುಳ್ಳೆಗಳೂ ನಿರಪಾಯವೆಂದು ಯಾರಾದರೂ ಹಾಯಾಗಿ ಉಸಿರು ಬಿಟ್ಟರೆ ನನ್ನ ಲೇಖನ ವ್ಯರ್ಥ. ನಾನು ಹೇಳಬೇಕೆಂದಿರುವುದು ಬೇರೆಯೇ ಇದೆ. ಈ ವಿಷಯದಲ್ಲಿ ನಮ್ಮ ಭಯಕ್ಕೂ ನಿಜವಾದ ಅಪಾಯಕ್ಕೂ ತಾಳೆಯೇ ಇಲ್ಲ. ಹೆದರಬೇಕಾಗಿಲ್ಲದುದಕ್ಕೆ ನಿದ್ರೆಗೆಡುತ್ತೇವೆ; ವೈದ್ಯರಲ್ಲಿಗೆ ಓಡಬೇಕಾದುದನ್ನು, ನೋವಿಲ್ಲವಲ್ಲ ಎಂದು ಬಿಟ್ಟುಬಿಡುತ್ತೇವೆ.

ಸಿಫಿಲಿಸ್ ಇದಕ್ಕೆ ಒಳ್ಳೆಯ ನಿದರ್ಶನ. ನಮ್ಮ ಹಿರಿಯರು ಅದನ್ನು ಪರಂಗಿ ಹುಣ್ಣೆಂದು ಕರೆಯುತ್ತಿದ್ದರು. 16ನೆಯ ಶತಮಾನದ ಭಾವಮಿಶ್ರನ 'ಭಾವಪ್ರಕಾಶ'ದಲ್ಲಿ ಫಿರಂಗ ರೋಗವೆಂಬ ಹೆಸರೇ ಇದೆ. ಸಮುದ್ರಮಾರ್ಗವಾಗಿ ಬಂದ ಪರದೇಶಿಯರೊಡನೆ ಬಂದ ರೋಗವೆಂಬ ಭಾವನೆ. ಸೋಂಕು ತಗುಲಿದ ಸುಮಾರು 3 ವಾರಗಳ ತರುವಾಯ ಗುಪ್ತಾಂಗದಲ್ಲಿ ಒಂದೇ ಒಂದು ಗಟ್ಟಿ ಗುಳ್ಳೆ ಎದ್ದು ಹುಣ್ಣಾಗುತ್ತದೆ. ಬಹುಮಟ್ಟಿಗೆ ನೋಯುವುದಿಲ್ಲ. ಅದೇ ಅದರ ಮೋಸ. 3ರಿಂದ 6 ವಾರಗಳಲ್ಲಿ ಔಷಧವಿಲ್ಲದೆಯೇ ಮಾಯುತ್ತದೆ. ರೋಗಿ ದೇವರಿಗೆ ಕಾಯಿ ಒಡೆಸಿ ಸುಮ್ಮನಾಗುತ್ತಾನೆ. ರೋಗಾಣು ಮಾತ್ರ ರಕ್ತದಲ್ಲಿ ಉಳಿದು, ಕೆಲವರಲ್ಲಿ ವರ್ಷಗಳ ಮೇಲೆ ಹೃದಯ, ಮಿದುಳುಗಳನ್ನು ಹಿಡಿಯುತ್ತದೆ. ಮಡದಿಗೆ ದಾಟಿದರೆ ಗರ್ಭದಲ್ಲಿರುವ ಶಿಶುವೇ ಸಾಯಬಹುದು. ಇದನ್ನು ಕಂಡುಹಿಡಿಯುವ ರಕ್ತಪರೀಕ್ಷೆ 1906ರಷ್ಟು ಹಿಂದೆಯೇ ಬಂದಿತು. 1943ರಿಂದ ಪೆನಿಸಿಲಿನ್ ಇದಕ್ಕೆ ರಾಮಬಾಣವೆನಿಸಿದೆ. ಮೊದಲ ಹಂತದಲ್ಲಿಯೇ ಬಂದವನಿಗೆ ಸಾಮಾನ್ಯವಾಗಿ ಒಂದು ಸರದಿಯ ಚುಚ್ಚುಮದ್ದು ಸಾಕು. ಇಷ್ಟು ಸುಲಭವಾಗಿ ಗುಣವಾಗುವ ರೋಗವೂ ಮನೆತನಗಳನ್ನು ಕೆಡಿಸುತ್ತಿದ್ದರೆ ಅದಕ್ಕೆ ಕಾರಣ ಔಷಧದ ಅಭಾವವಲ್ಲ.

ಬ್ಯಾಂಕಿನಲ್ಲಿ ವಿವರ ಸಿಗದ ನಮೂದನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಹಾಕುವುದು ತಪ್ಪಲ್ಲ; ಅಲ್ಲಿಯೇ ಬಿಡುವುದು ತಪ್ಪು. ಲೆಕ್ಕಪರಿಶೋಧಕರು ಬಂದೊಡನೆ ಕೇಳುವುದು ಮೊತ್ತವನ್ನಲ್ಲ, ನಮೂದು ಎಷ್ಟು ದಿನ ಹಳೆಯದೆಂಬುದನ್ನು. ಗುಳ್ಳೆಯ ವಿಷಯದಲ್ಲಿಯೂ ಆ ಪ್ರಶ್ನೆಯೇ ಸರಿ. ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬೆಳೆಯುತ್ತಿರುವ ಗಂಟು, ರಕ್ತ ಒಸರುವ ಭಾಗ, ಮುಂದೊಗಲು ಹಿಂದೆ ಸರಿಯದೆ ಒಳಗೇ ಇರುವ ಗಡ್ಡೆ, ಇವನ್ನು ಹಿರಿಯ ವಯಸ್ಸಿನವರು ವಿಶೇಷವಾಗಿ ತೋರಿಸಬೇಕು. ಕ್ಯಾನ್ಸರ್ ಕೂಡ ಹೀಗೆಯೇ ಸದ್ದಿಲ್ಲದೆ ಮೊದಲಾಗುವುದುಂಟು. ನೋವಿಲ್ಲದ ಹುಣ್ಣಂತೂ ಮೊದಲ ವಾರದಲ್ಲಿಯೇ ತೋರಿಸತಕ್ಕದ್ದು.

ಇನ್ನು ನಮ್ಮ ನಗರವಾಸದಿಂದಲೇ ಹುಟ್ಟುವ ತೊಂದರೆಗಳಿವೆ. ಒಂದು ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗುವ ಹೋಟೆಲ್ ಕಾರ್ಮಿಕರನ್ನು ನಾವೆಲ್ಲ ಬಲ್ಲೆವು. ನಮ್ಮಲ್ಲಿ ಕೆಲವರ ತಂದೆಯವರು ಹಾಗೆಯೇ ಬಾಳು ಆರಂಭಿಸಿದವರು. ಅಲ್ಲಿ ಒಬ್ಬನಿಗೆ ತುರಿಕಜ್ಜಿ ಬಂದರೆ ಎಲ್ಲರಿಗೂ ಬಂತೆಂದೇ ಲೆಕ್ಕ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಚರ್ಮದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಬೆರಳ ಸಂದು, ಮಣಿಕಟ್ಟು, ಸೊಂಟ, ಅದರೊಡನೆ ಶಿಶ್ನ ಮತ್ತು ವೃಷಣದ ಚರ್ಮದ ಮೇಲೆ ಗಟ್ಟಿ ಗುಳ್ಳೆಗಳೇಳುತ್ತವೆ; ರಾತ್ರಿ ತುರಿಕೆ ತಡೆಯಲಾಗದು. ಮೊದಲ ಬಾರಿ ಬಂದವನಿಗೆ ತುರಿಕೆ ಶುರುವಾಗಲು ನಾಲ್ಕಾರು ವಾರಗಳೇ ಬೇಕು. ಅಷ್ಟರಲ್ಲಿ ಅವನು ಊರಿಗೆ ಹೋಗಿ ಹೆಂಡತಿ ಮಕ್ಕಳಿಗೂ ಹಂಚಿ ಬಂದಿರುತ್ತಾನೆ. ಗುಪ್ತಾಂಗದಲ್ಲಿರುವುದರಿಂದ ಗುಪ್ತರೋಗವೆಂದು ಬಗೆದು ಅವನು ಬಾಯಿ ಬಿಡುವುದಿಲ್ಲ. ಮದ್ದು ಸರಳವಾದುದು: ವೈದ್ಯರು ಬರೆದುಕೊಡುವ ಪರ್ಮೆತ್ರಿನ್ ಮುಲಾಮನ್ನು ಕುತ್ತಿಗೆಯಿಂದ ಪಾದದವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯುವುದು, ಸುಮಾರು ಒಂದು ವಾರ ಬಿಟ್ಟು ಮತ್ತೊಮ್ಮೆ. ಆದರೆ ಕೋಣೆಯಲ್ಲಿರುವ ಅಷ್ಟೂ ಮಂದಿ ಅದೇ ರಾತ್ರಿ ಹಚ್ಚಬೇಕು. ಬಟ್ಟೆ, ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಬ್ಬನೇ ಕದ್ದು ಹಚ್ಚಿಕೊಂಡರೆ ಪ್ರಯೋಜನವಿಲ್ಲ. ಗುಟ್ಟು ಇಟ್ಟು ವಾಸಿಮಾಡಲಾಗದ ರೋಗವಿದು.

ಆದರೆ ನಮ್ಮವರು ಮಾಡುವುದೇನು? ಮೊದಲು, ಮೈಗೆ ಉಷ್ಣವಾಗಿದೆ ಎಂದು ಮಜ್ಜಿಗೆ ಕುಡಿಯುತ್ತಾರೆ. ಅನಂತರ ನಾಗದೋಷದ ನೆನಪು ಬರುತ್ತದೆ. ಕುಕ್ಕೆಗೆ ಹೋಗಬೇಡಿರೆಂದು ನಾನು ಹೇಳಲಾರೆ, ನಮ್ಮ ಮನೆಯಲ್ಲಿಯೂ ಹರಕೆಗಳಿವೆ. ಹೋಗುವ ಮೊದಲು ಚರ್ಮವೈದ್ಯರಿಗೆ ತೋರಿಸಿ ಹೋಗಿರೆಂದಷ್ಟೇ ಕೋರುತ್ತೇನೆ. ಕೊನೆಗೆ ಮೂಲೆಯ ಮೆಡಿಕಲ್ ಅಂಗಡಿ. ಅಲ್ಲಿ ಕೊಡುವ ಮುಲಾಮಿನಲ್ಲಿ ಎಷ್ಟೋ ವೇಳೆ ಸ್ಟೆರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಎರಡು ದಿನಗಳಲ್ಲಿ ತುರಿಕೆ ನಿಂತು ಸ್ವರ್ಗವೇ ಸಿಕ್ಕಂತಾಗುತ್ತದೆ, ಬಿಟ್ಟೊಡನೆ ಇಮ್ಮಡಿಯಾಗುತ್ತದೆ. ತೊಡೆಸಂದಿನ ಹುಳುಕಡ್ಡಿಯನ್ನು ಅದು ಮುಚ್ಚಿಹಾಕಿ ಒಳಗೊಳಗೇ ಹರಡಿಸುತ್ತದೆ. ಅಲ್ಲಿಯ ತೆಳುವಾದ ಚರ್ಮ ಇನ್ನೂ ತೆಳುವಾಗಿ ಬಸುರಿಯ ಹೊಟ್ಟೆಯ ಮೇಲಿನಂತಹ ಬರೆಗಳು ಬೀಳುತ್ತವೆ, ಅವು ಮತ್ತೆ ಹೋಗುವುದಿಲ್ಲ. ಇಂತಹ 14 ಸ್ಟೆರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ಅಧಿಸೂಚನೆ ಹೊರಡಿಸಿದೆ. ಅಂಗಡಿಯವನು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಈಚೆಗೆ ತರುಣರಲ್ಲಿ ಆ ಭಾಗವನ್ನು ಬ್ಲೇಡಿನಿಂದ ಬೋಳಿಸುವ ಅಭ್ಯಾಸವೂ ಬಂದಿದೆ. ಕೂದಲು ಒಳಮುಖವಾಗಿ ಬೆಳೆದು ಕೀವುಗುಳ್ಳೆಗಳಾದರೆ ಅದಕ್ಕೂ ಇದೇ ಮುಲಾಮು.

ಇದಕ್ಕಿಂತ ಗಂಭೀರವಾದದ್ದು ಗಂಡಹೆಂಡಿರ ನಡುವೆ ಏಳುವ ಸಂಶಯ. ಮೊಲಸ್ಕಂ ಎಂಬ ವೈರಾಣುವಿನಿಂದ ನಡುವೆ ಕುಳಿಯಿರುವ, ಮುತ್ತಿನಂತಹ ಗುಳ್ಳೆಗಳು ಬರುತ್ತವೆ. ದೊಡ್ಡವರಲ್ಲಿ ದೈಹಿಕ ಸಂಬಂಧದಿಂದ ಹರಡುವುದೇ ಹೆಚ್ಚಾದರೂ, ಚರ್ಮಕ್ಕೆ ಚರ್ಮ ತಾಗಿ, ಒಬ್ಬರ ಟವಲನ್ನು ಇನ್ನೊಬ್ಬರು ಬಳಸಿಯೂ ಬರಬಹುದು. ಗುಪ್ತಾಂಗದ ನರಹುಲಿ ಬೇರೆ. ಅದು ಹೂಕೋಸಿನಂತೆ ಒರಟಾಗಿ ಬೆಳೆಯುವಂತಹುದು. ಎಚ್.ಪಿ.ವಿ. ಎಂಬ ವೈರಾಣು ಕುಟುಂಬದ 6 ಮತ್ತು 11ನೆಯ ಸಂಖ್ಯೆಯ ಬಗೆಗಳು ಇದರ ಮುಖ್ಯ ಕಾರಣ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ 16 ಮತ್ತು 18 ಅದೇ ಕುಟುಂಬದ ದಾಯಾದಿಗಳು. ಲೈಂಗಿಕ ಸಂಪರ್ಕದಿಂದಲೇ ಇದು ಹೆಚ್ಚಾಗಿ ಬರುತ್ತದೆ, ನಿಜ. ಆದರೆ ಸೋಂಕು ತಗುಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ಗುಳ್ಳೆ ಕಾಣಿಸಬಹುದು. ಇಂದು ಕಂಡ ನರಹುಲಿ ಕಳೆದ ತಿಂಗಳಿನ ದ್ರೋಹಕ್ಕೆ ಸಾಕ್ಷಿಯಾಗಲಾರದು. ಇಷ್ಟು ತಿಳಿಯದೆ ಹೆಂಡತಿಯನ್ನು ತವರಿಗೆ ಕಳುಹಿಸಿದವರಿದ್ದಾರೆ. ಇಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗುವುದು ಸಂಸಾರಕ್ಕೂ ಒಳ್ಳೆಯದು, ಚಿಕಿತ್ಸೆಗೂ ಒಳ್ಳೆಯದು. ಈ ನಾಲ್ಕೂ ಬಗೆಗಳ ವಿರುದ್ಧ ಲಸಿಕೆಯೊಂದನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2023ರಲ್ಲಿ ಬಿಡುಗಡೆ ಮಾಡಿದೆ. ಹೆಣ್ಣುಮಕ್ಕಳ ತಂದೆತಾಯಿಗಳು ಮಕ್ಕಳ ವೈದ್ಯರನ್ನು ಈ ಬಗ್ಗೆ ಕೇಳಬೇಕು.

ನನ್ನ ವಯಸ್ಸಿನ, ಎಂದರೆ ನಲವತ್ತು ದಾಟಿದ ಗೃಹಸ್ಥರಿಗೆ ಇನ್ನೊಂದು ಸೂಚನೆ. ಮುಂದೊಗಲಿನಲ್ಲಿ ಮತ್ತೆ ಮತ್ತೆ ಕೆಂಪು ದದ್ದು, ಸೀಳು, ಉರಿ ಬರುತ್ತಿದ್ದರೆ ಅದು ಸಕ್ಕರೆ ಕಾಯಿಲೆಯ ಮೊದಲ ಚಿಹ್ನೆಯಾಗಿರಬಹುದು. ರಕ್ತಪರೀಕ್ಷೆಗೆ ಸಾಲಿನಲ್ಲಿ ನಿಲ್ಲಲು ನಾಚದವರು, ಆ ಪರೀಕ್ಷೆ ತಮಗೆ ಬೇಕೆಂದು ತಿಳಿಸಿದ ಗುರುತನ್ನು ಮುಚ್ಚಿಡುವುದು ವಿಚಿತ್ರವಲ್ಲವೇ?

ಹೆಂಗಸರ ಸ್ಥಿತಿ ಇನ್ನೂ ಕಷ್ಟದ್ದು. ಹೆರಿಗೆ ಮುಗಿದ ಮೇಲೆ ಲೇಡಿ ಡಾಕ್ಟರ ಮುಖವನ್ನೇ ನೋಡದವರು ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ. ಯೋನಿದ್ವಾರದ ಪಕ್ಕದ ಗ್ರಂಥಿ ಮುಚ್ಚಿಕೊಂಡು ನಿಂಬೆಹಣ್ಣಿನ ಗಾತ್ರ ಊದಿದರೂ, ಕೂರಲು ಆಗದಿದ್ದರೂ, 'ಬೆನ್ನುನೋವು' ಎಂದೇ ಹೇಳಿಕೊಂಡು ಅಡಿಗೆ ಮಾಡುತ್ತಾರೆ. ಇದರ ಬಗ್ಗೆ ನಾನು ಹೆಚ್ಚು ಬರೆಯುವುದಕ್ಕಿಂತ ಮಹಿಳಾ ವಿಭಾಗದ ಸದಸ್ಯೆಯರೊಬ್ಬರು ಬರೆಯುವುದು ಯುಕ್ತ.

ಹೊರನಾಡ ಕನ್ನಡಿಗರಾದ ನಮ್ಮ ತೊಡಕಿಗೆ ಇನ್ನೂ ಒಂದು ಮುಖವಿದೆ. ಊರಿನಲ್ಲಿದ್ದರೆ ಪರಿಚಯದ ವೈದ್ಯರಿಗೆ 'ಕೆಳಗಡೆ ಏನೋ ಆಗಿದೆ' ಎಂದರೆ ಅರ್ಥವಾಗುತ್ತಿತ್ತು. ಇಲ್ಲಿ ಆ 'ಕೆಳಗಡೆ'ಯನ್ನು ಮರಾಠಿಯಲ್ಲಿ ಹೇಳುವುದು ಹೇಗೆ? ವ್ಯಾಪಾರಕ್ಕೆ, ಬಸ್ಸಿಗೆ, ಜಗಳಕ್ಕೆ ಸಾಕಾಗುವಷ್ಟು ಹಿಂದಿ ನಮಗೆಲ್ಲ ಬರುತ್ತದೆ; ಗುಪ್ತಾಂಗದ ಹೆಸರುಗಳಲ್ಲಿ ನಮಗೆ ಗೊತ್ತಿರುವುದು ಬೈಗುಳದ ಶಬ್ದಗಳು ಮಾತ್ರ. ಸರಿ, ಕನ್ನಡ ಬಲ್ಲ ವೈದ್ಯರಲ್ಲಿಗೆ ಹೋಗೋಣವೆಂದರೆ, ಅವರು ನಮ್ಮ ಸಂಘದ ಉಪಾಧ್ಯಕ್ಷರು! ರಾಜ್ಯೋತ್ಸವದ ವೇದಿಕೆಯಲ್ಲಿ ಅವರ ಮುಖ ನೋಡುವುದು ಹೇಗೆ, ಅವರ ಮನೆಯವರ ಮೂಲಕ ನಮ್ಮ ಮನೆಯವರಿಗೆ ತಿಳಿದರೆ ಹೇಗೆ, ಎಂಬ ಅಳುಕು. ಭಾಷೆಯಿದ್ದಲ್ಲಿ ಮರೆಯಿಲ್ಲ, ಮರೆಯಿದ್ದಲ್ಲಿ ಭಾಷೆಯಿಲ್ಲ. ರೈಲಿನ ಚೀಟಿಯವನು ಗೆಲ್ಲುವುದು ಇಲ್ಲಿಯೇ.

ಈ ಅಳುಕಿಗೆ ಆಧಾರವಿಲ್ಲ ಎಂಬುದು ನನ್ನ ಅಭಿಪ್ರಾಯ. ನಾವು ಬ್ಯಾಂಕಿಗೆ ಸೇರುವ ದಿನವೇ ಗ್ರಾಹಕರ ವ್ಯವಹಾರವನ್ನು ಹೊರಗೆಡಹುವುದಿಲ್ಲವೆಂಬ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತೇವೆ. ನಮ್ಮ ಸಂಘದ ಎಷ್ಟೋ ಸದಸ್ಯರ ಖಾತೆಗಳು ನನ್ನ ಕಣ್ಣೆದುರು ಹಾದುಹೋಗಿವೆ. ಯಾರಾದರೂ ಅದಕ್ಕಾಗಿ ನನ್ನೊಡನೆ ಊಟಕ್ಕೆ ಕೂರಲು ಹಿಂಜರಿದುದಿಲ್ಲ. ವೈದ್ಯರ ಮೇಲೂ ಅಂತಹುದೇ ನಿರ್ಬಂಧವಿದೆ. 2002ರ ವೈದ್ಯಕೀಯ ವೃತ್ತಿನಡತೆಯ ನಿಯಮಗಳು ರೋಗಿಯ ಗುಟ್ಟನ್ನು ಹೊರಹಾಕಬಾರದೆನ್ನುತ್ತವೆ. ಎಚ್.ಐ.ವಿ. ಪರೀಕ್ಷೆಯನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡಬಾರದೆಂದೂ, ಫಲಿತಾಂಶವನ್ನು ಗೋಪ್ಯವಾಗಿಡಬೇಕೆಂದೂ 2017ರ ಪ್ರತ್ಯೇಕ ಕಾಯಿದೆಯೇ ಹೇಳುತ್ತದೆ. ಪರಿಚಿತರ ಭಯ ಬಿಡದವರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ವಿಭಾಗಗಳಿವೆ. ಲೈಂಗಿಕ ಸೋಂಕುಗಳ ತಪಾಸಣೆ, ಔಷಧ ಉಚಿತ. 1097 ಎಂಬ ಉಚಿತ ದೂರವಾಣಿಯಲ್ಲಿ ಹೆಸರು ಹೇಳದೆ ಮೊದಲ ಸಲಹೆ ಪಡೆಯಬಹುದು. ಚರ್ಮ ವಿಭಾಗದ ಫಲಕದಲ್ಲಿ 'ಗುಪ್ತರೋಗ', 'ಕುಷ್ಠರೋಗ' ಎಂಬ ಮಾತುಗಳನ್ನು ಕಂಡು ಹಿಂದಿರುಗುವವರಿದ್ದಾರೆ. ಮೂರನ್ನೂ ಒಂದೇ ಶಾಸ್ತ್ರವಾಗಿ ಕಲಿಸುವುದರಿಂದ ಹಾಗೆ ಬರೆದಿರುತ್ತಾರೆ. ಸಾಲಿನಲ್ಲಿರುವವರಲ್ಲಿ ಮೊಡವೆಗೆ ಬಂದ ಕಾಲೇಜು ಹುಡುಗಿಯೂ ಇರುತ್ತಾಳೆ.

ನಮ್ಮ ಸಂಘ ಪ್ರತಿವರ್ಷವೂ ಆರೋಗ್ಯ ತಪಾಸಣಾ ಶಿಬಿರ ನಡೆಸುತ್ತದೆ. ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು ಎಲ್ಲವನ್ನೂ ತೆರೆದ ಸಭಾಂಗಣದಲ್ಲಿ ಮೇಜು ಹಾಕಿ ನೋಡುತ್ತಾರೆ. ಮುಂದಿನ ಶಿಬಿರಕ್ಕೆ ಚರ್ಮತಜ್ಞರಿಬ್ಬರನ್ನು, ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಯನ್ನು, ಸಾಧ್ಯವಾದರೆ ನಗರದ ಇನ್ನೊಂದು ಭಾಗದಿಂದ ಕರೆಸಬೇಕು. ಕನ್ನಡ ಬಲ್ಲವರು, ಆದರೆ ನಮ್ಮ ಸಂಘದವರಲ್ಲದವರು. ಯಕ್ಷಗಾನದ ವೇಷಭೂಷಣಗಳನ್ನಿಡುವ ವೇದಿಕೆಯ ಹಿಂದಿನ ಎರಡು ಕೋಣೆಗಳನ್ನು ಅಂದು ಖಾಲಿ ಮಾಡಿಸಿ ಅವರಿಗೆ ಕೊಡಬಹುದು. ಹೆಸರು ಬರೆಸುವ ಪುಸ್ತಕ ಬೇಡ, ಕ್ರಮಾಂಕದ ಚೀಟಿ ಸಾಕು. ಹೋಟೆಲ್ ಕಾರ್ಮಿಕರಿಗೆ ಭಾನುವಾರ ಬೆಳಿಗ್ಗೆ ಬಿಡುವಿರುವುದಿಲ್ಲ. ಅವರಿಗಾಗಿ ಮಧ್ಯಾಹ್ನ ಮೂರರಿಂದ ಐದರವರೆಗಿನ ವೇಳೆಯನ್ನು ಪ್ರತ್ಯೇಕವಾಗಿ ಇಟ್ಟು, ಮಾಲೀಕರಾಗಿರುವ ನಮ್ಮ ಸದಸ್ಯರು ತಮ್ಮ ಹುಡುಗರನ್ನು ಕಳುಹಿಸಿಕೊಡಬೇಕು. ಅಂದಾಜು ಖರ್ಚಿನ ಪಟ್ಟಿಯನ್ನು ತಯಾರಿಸಿದ್ದೇನೆ. ಶಿಬಿರದ ಈಗಿನ ವೆಚ್ಚಕ್ಕೆ ಅದು ದೊಡ್ಡ ಸೇರ್ಪಡೆಯಲ್ಲ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಅದನ್ನು ಮಂಡಿಸಲು ಅವಕಾಶ ಕೊಡಬೇಕೆಂದು ಕಾರ್ಯದರ್ಶಿಗಳಲ್ಲಿ ಈ ಮೂಲಕವೇ ವಿನಂತಿಸುತ್ತೇನೆ.